ಸ್ಫಟಿಕ, ಕ್ಷ-ಕಿರಣ ಮತ್ತು ಮೂಲಕಥನ: ಒಂದು ವೈಜ್ಞಾನಿಕ ವಾಗ್ವಾದದ ಚಾರಿತ್ರಿಕ ಅಧ್ಯಯನ

1. ಪ್ರವೇಶ

ತನ್ನ ಮೂಲವನ್ನು ಕುರಿತ ಕಥೆಯಿಲ್ಲದ ಸಮುದಾಯ ದೊರೆಯುವುದು ವಿರಳ. ಕುಲದ ಹುಟ್ಟು, ಊರಿನ ಹುಟ್ಟು, ದೈವದ ನೆಲೆ, ಕಸುಬಿನ ಆರಂಭ ಇವುಗಳನ್ನು ವಿವರಿಸುವ ಕಥನಗಳು ಎಲ್ಲ ಜನವರ್ಗಗಳಲ್ಲಿಯೂ ಪ್ರಚಲಿತವಾಗಿವೆ. ಕರ್ನಾಟಕದ ಅನೇಕ ದೇವಾಲಯಗಳ ಸ್ಥಳಪುರಾಣಗಳಲ್ಲಿ ಹಸುವೊಂದು ದಿನವೂ ಹುತ್ತದ ಮೇಲೆ ಹಾಲು ಸುರಿಸುವ, ದನಗಾಹಿ ಅದನ್ನು ಕಂಡು ಬೆರಗಾಗುವ, ಹುತ್ತವನ್ನು ಅಗೆದಾಗ ಲಿಂಗವು ಪ್ರಕಟವಾಗುವ ಆಶಯವು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಗುಡಿಯನ್ನು ಕಟ್ಟಿಸಿದವರು ಯಾರು, ಭೂಮಿಯನ್ನು ದತ್ತಿ ಬಿಟ್ಟವರು ಯಾರು ಎಂಬ ವಿವರಗಳನ್ನು ಶಾಸನಗಳಲ್ಲಿ ಹುಡುಕಬೇಕೇ ಹೊರತು ಸ್ಥಳಪುರಾಣದಲ್ಲಿ ಅಲ್ಲ. ಹಾಗೆಂದು ಸ್ಥಳಪುರಾಣವನ್ನು ಸುಳ್ಳೆಂದು ಜಾನಪದ ವಿದ್ವಾಂಸರು ತಳ್ಳಿಹಾಕುವುದಿಲ್ಲ. ಮಾನವಶಾಸ್ತ್ರಜ್ಞ ಬ್ರೋನಿಸ್ಲಾವ್ ಮಲಿನೋವ್‌ಸ್ಕಿ 1926ರಲ್ಲಿ ಪ್ರಕಟಿಸಿದ ತಮ್ಮ ಕೃತಿಯಲ್ಲಿ, ಪುರಾಣವು ಸಮುದಾಯದ ಆಚಾರಗಳಿಗೂ ಹಕ್ಕುಗಳಿಗೂ ಸನ್ನದಿನಂತೆ ಕೆಲಸ ಮಾಡುತ್ತದೆ ಎಂದು ಪ್ರತಿಪಾದಿಸಿದರು. ಪುರಾಣವನ್ನು ಅದು ಏನನ್ನು ಹೇಳುತ್ತದೆ ಎಂಬುದರ ಜೊತೆಗೆ ಏನನ್ನು ಸಾಧಿಸುತ್ತದೆ ಎಂಬ ದೃಷ್ಟಿಯಿಂದಲೂ ಓದಬೇಕೆಂಬುದು ಈ ಪ್ರತಿಪಾದನೆಯಿಂದ ಒದಗಿದ ಅಧ್ಯಯನ ಕ್ರಮ.

ಆಧುನಿಕ ವಿಜ್ಞಾನವು ದಾಖಲೆ, ಪ್ರಯೋಗ ಮತ್ತು ತರ್ಕಗಳನ್ನು ಆಧರಿಸಿದ್ದು, ಅದರಲ್ಲಿ ಪುರಾಣಕ್ಕೆ ಎಡೆಯಿಲ್ಲ ಎಂಬುದು ಸಾಮಾನ್ಯ ತಿಳಿವಳಿಕೆ. ಆದರೆ ವಿಜ್ಞಾನಿಗಳೂ ಒಂದು ಸಮುದಾಯವೇ ಆಗಿದ್ದಾರೆ. ಆ ಸಮುದಾಯದಲ್ಲಿ ಗುರುಪರಂಪರೆಗಳಿವೆ, ಸ್ಮರಣೋತ್ಸವಗಳಿವೆ, ಹಿರಿಯರು ಕಿರಿಯರಿಗೆ ಹೇಳುವ ಕಥೆಗಳಿವೆ. ಸ್ಫಟಿಕಶಾಸ್ತ್ರದಲ್ಲಂತೂ ಈ ಪ್ರವೃತ್ತಿ ಹಳೆಯದು. ಹದಿನೆಂಟನೆಯ ಶತಮಾನದ ಫ್ರಾನ್ಸಿನ ಪಾದ್ರಿ ರೆನೆ ಜಸ್ಟ್ ಹಾಯ್ ಅವರ ಕೈಯಿಂದ ಕ್ಯಾಲ್ಸೈಟ್ ಹರಳೊಂದು ಜಾರಿ ಬಿದ್ದು ಒಡೆಯಿತು, ಒಡೆದ ಚೂರುಗಳೆಲ್ಲ ಒಂದೇ ಆಕಾರದಲ್ಲಿರುವುದನ್ನು ಕಂಡು ಅವರಿಗೆ ಸ್ಫಟಿಕ ರಚನೆಯ ಗುಟ್ಟು ಹೊಳೆಯಿತು ಎಂಬ ಐತಿಹ್ಯವು ಇಂದಿಗೂ ಹೇಳಲ್ಪಡುತ್ತದೆ.

ಇದೇ ಶಾಸ್ತ್ರದ ಇನ್ನೊಂದು ಮೂಲಕಥನವು 1912ರಲ್ಲಿ ಜರ್ಮನಿಯ ಮ್ಯೂನಿಕ್ ನಗರದಲ್ಲಿ ಸ್ಫಟಿಕಗಳಿಂದ ಕ್ಷ-ಕಿರಣಗಳ ವಿವರ್ತನೆಯನ್ನು ಕಂಡುಹಿಡಿದ ಪ್ರಸಂಗಕ್ಕೆ ಸಂಬಂಧಿಸಿದ್ದು. ಆ ಶೋಧವನ್ನು ವಿವರಿಸಲು ಪರಸ್ಪರ ವಿರುದ್ಧವಾದ ಸಿದ್ಧಾಂತಗಳು ಹುಟ್ಟಿಕೊಂಡ ಬಗೆ, ಅವುಗಳಲ್ಲಿ ಒಂದು ನೆಲೆನಿಂತ ಬಗೆ, ಮತ್ತು ಅನಂತರದ ಮೂಲಕಥನವು ಆ ವಾಗ್ವಾದವನ್ನು ಮರೆಗೆ ಸರಿಸಿದ ಬಗೆ ಪ್ರಸ್ತುತ ಲೇಖನದಲ್ಲಿ ಪರಿಶೀಲಿತವಾಗಿವೆ.

2. ಮೂಲಕಥನ ಮತ್ತು ಅದರ ಪಾಠಾಂತರಗಳು

ಕಥನದ ಸಾರವು ಹೀಗಿದೆ. 1895ರಲ್ಲಿ ವುರ್ಟ್ಸ್‌ಬರ್ಗ್‌ನಲ್ಲಿ ಕ್ಷ-ಕಿರಣಗಳನ್ನು ಕಂಡುಹಿಡಿದ ವಿಲ್‌ಹೆಲ್ಮ್ ರಾಂಟ್‌ಜನ್ 1900ರಲ್ಲಿ ಮ್ಯೂನಿಕ್ ವಿಶ್ವವಿದ್ಯಾಲಯಕ್ಕೆ ಬಂದರು. ಅಲ್ಲಿಯೇ ಸೈದ್ಧಾಂತಿಕ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಆರ್ನಾಲ್ಡ್ ಸೊಮರ್‌ಫೆಲ್ಡ್ ಕ್ಷ-ಕಿರಣಗಳು ತರಂಗಸ್ವರೂಪದವು ಎಂಬ ಪಕ್ಷದವರು. ಖನಿಜಶಾಸ್ತ್ರದ ಪ್ರಾಧ್ಯಾಪಕ ಪಾಲ್ ಫಾನ್ ಗ್ರೋತ್ ಅವರು ಸ್ಫಟಿಕದಲ್ಲಿ ಪರಮಾಣುಗಳು ಕ್ರಮಬದ್ಧ ಜಾಲಕಗಳಲ್ಲಿ ಜೋಡಣೆಗೊಂಡಿವೆ ಎಂಬ ಸಿದ್ಧಾಂತವನ್ನು ಬೋಧಿಸುತ್ತಿದ್ದರು. ತರಂಗ ಮತ್ತು ಜಾಲಕ ಎಂಬ ಎರಡು ವಿಚಾರಗಳು ಒಂದೇ ಊರಿನಲ್ಲಿ ನೆರೆಹೊರೆಯಾಗಿದ್ದವು. ಅವುಗಳನ್ನು ಜೋಡಿಸುವ ಒಬ್ಬ ಪ್ರತಿಭಾವಂತನ ಅಗತ್ಯವಿತ್ತು. ಆತನೇ 1909ರಲ್ಲಿ ಮ್ಯೂನಿಕ್‌ಗೆ ಬಂದ ಮ್ಯಾಕ್ಸ್ ಲಾವೆ.

ಸೊಮರ್‌ಫೆಲ್ಡ್ ಅವರ ಶಿಷ್ಯ ಪಾಲ್ ಪೀಟರ್ ಎವಾಲ್ಡ್ ಆಗ ಸ್ಫಟಿಕದಲ್ಲಿ ಬೆಳಕಿನ ಚಲನೆಯನ್ನು ಕುರಿತು ಡಾಕ್ಟರೇಟ್ ಪ್ರಬಂಧವನ್ನು ಬರೆಯುತ್ತಿದ್ದರು. ತಮ್ಮ ಸಮಸ್ಯೆಯೊಂದರ ಬಗೆಗೆ ಅವರು ಲಾವೆಯವರ ಅಭಿಪ್ರಾಯವನ್ನು ಕೇಳಿದರು. ಸ್ಫಟಿಕದೊಳಗಿನ ಅನುನಾದಕಗಳ ನಡುವಿನ ಅಂತರವೆಷ್ಟು ಎಂದು ಲಾವೆ ಪ್ರಶ್ನಿಸಿದರು. ಅದು ಬೆಳಕಿನ ತರಂಗದೂರಕ್ಕಿಂತ ಬಹಳ ಚಿಕ್ಕದೆಂದು ಉತ್ತರ ಬಂದಿತು. ಹಾಗಾದರೆ ಅತಿ ಚಿಕ್ಕ ತರಂಗಗಳನ್ನು ಸ್ಫಟಿಕದ ಮೂಲಕ ಹಾಯಿಸಿದರೆ ಏನಾಗುತ್ತದೆ ಎಂಬುದು ಲಾವೆಯವರ ಮುಂದಿನ ಪ್ರಶ್ನೆ. ಹಿರಿಯರು ಶಂಕಿಸಿದರೂ ವಾಲ್ಟರ್ ಫ್ರೀಡ್ರಿಖ್ ಮತ್ತು ಪಾಲ್ ಕ್ನಿಪಿಂಗ್ ಎಂಬ ಇಬ್ಬರು ಯುವಕರು ಪ್ರಯೋಗವನ್ನು ನಡೆಸಿದರು. ಛಾಯಾಚಿತ್ರ ಫಲಕದ ಮೇಲೆ ಚುಕ್ಕೆಗಳು ಮೂಡಿದವು. ತರಂಗವೂ ಜಾಲಕವೂ ಏಕಕಾಲಕ್ಕೆ ಸಿದ್ಧವಾದವು.

ಈ ಕಥೆಯನ್ನು ಹೇಳಿದ ವಕ್ತೃಗಳು ಹಲವರು. ಲಾವೆ 1920ರಲ್ಲಿ ನೀಡಿದ ತಮ್ಮ ನೊಬೆಲ್ ಉಪನ್ಯಾಸದಲ್ಲಿ ಇದನ್ನು ಹೇಳಿದರು. ಫ್ರೀಡ್ರಿಖ್ 1922ರಲ್ಲಿ ಲೇಖನವೊಂದನ್ನು ಬರೆದರು. ಎವಾಲ್ಡ್ ತಾವೇ ಸಂಪಾದಿಸಿದ, 1962ರಲ್ಲಿ ಪ್ರಕಟವಾದ ಕ್ಷ-ಕಿರಣ ವಿವರ್ತನೆಯ ಐವತ್ತು ವರ್ಷಗಳ ಸ್ಮರಣ ಸಂಪುಟದಲ್ಲಿ ಇದನ್ನು ವಿಸ್ತಾರವಾಗಿ ನಿರೂಪಿಸಿದರು. ಪಾಠಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಭೇದಗಳು ಎದ್ದು ಕಾಣುತ್ತವೆ. ಲಾವೆಯವರ ಪಾಠದಲ್ಲಿ ಎವಾಲ್ಡ್ ಫೆಬ್ರವರಿ ತಿಂಗಳ ಒಂದು ಸಂಜೆ ಅವರನ್ನು ಕಾಣಲು ಬರುತ್ತಾರೆ. ಎವಾಲ್ಡ್ ಅವರ ಪಾಠದಲ್ಲಿ ಭೇಟಿಯು ಜನವರಿಯ ಕೊನೆಯಲ್ಲಿ ನಡೆಯುತ್ತದೆ; ಇಬ್ಬರೂ ಮ್ಯೂನಿಕ್‌ನ ಇಂಗ್ಲಿಷ್ ಉದ್ಯಾನದ ದಾರಿಯಲ್ಲಿ ನಡೆಯುತ್ತ ಮಾತನಾಡುತ್ತಾರೆ; ಲಾವೆ ಕೇಳಿದ ಪ್ರಶ್ನೆಗೆ ಉತ್ತರಿಸದೆ ತಮ್ಮದೇ ಯೋಚನೆಯಲ್ಲಿ ಮುಳುಗಿ ಚಿಕ್ಕ ತರಂಗಗಳ ವಿಷಯಕ್ಕೇ ಮರಳುತ್ತಾರೆ. ದಿನ, ಸ್ಥಳಗಳ ಈ ವ್ಯತ್ಯಾಸಗಳು ಸಣ್ಣವಾದರೂ, ಪ್ರತಿಯೊಬ್ಬ ವಕ್ತೃವೂ ಕಥೆಯ ಯಾವ ಬಿಂದುವಿನಲ್ಲಿ ನಿಂತು ನೋಡುತ್ತಿದ್ದಾನೆ ಎಂಬುದನ್ನು ಅವು ಸೂಚಿಸುತ್ತವೆ. ಆದರೆ ಎಲ್ಲ ಪಾಠಗಳಲ್ಲಿಯೂ ಕಥೆಯ ಹಂದರ ಒಂದೇ: ಒಂದು ಸಂವಾದ, ಒಂದು ಹೊಳಹು, ಹಿರಿಯರ ಅಡ್ಡಿ, ಕಿರಿಯರ ಸಾಹಸ, ಕೊನೆಗೆ ವಿಜಯ.

3. 1912ರ ಪ್ರಯೋಗ: ನಿರೀಕ್ಷೆ ಮತ್ತು ಫಲಿತ

ಸಮಕಾಲೀನ ದಾಖಲೆಗಳು ತೋರಿಸುವ ಚಿತ್ರವು ಇದಕ್ಕಿಂತ ಜಟಿಲವಾಗಿದೆ. ಕ್ಷ-ಕಿರಣಗಳ ಸ್ವರೂಪವು 1912ರ ವೇಳೆಗೆ ಇತ್ಯರ್ಥವಾಗಿರಲಿಲ್ಲ. ಇಂಗ್ಲೆಂಡಿನ ಚಾರ್ಲ್ಸ್ ಬಾರ್ಕ್ಲಾ ಅವು ಧ್ರುವೀಕರಣಕ್ಕೆ ಒಳಗಾಗುವುದನ್ನು ತೋರಿಸಿ ತರಂಗವಾದವನ್ನು ಎತ್ತಿಹಿಡಿದಿದ್ದರು. ಲೀಡ್ಸ್‌ನಲ್ಲಿದ್ದ ವಿಲಿಯಂ ಹೆನ್ರಿ ಬ್ರಾಗ್ ಅವು ವಿದ್ಯುತ್ತಿನ ದೃಷ್ಟಿಯಿಂದ ತಟಸ್ಥವಾದ ಕಣಗಳು ಎಂದು ವಾದಿಸುತ್ತಿದ್ದರು. ತರಂಗವಾದಿಗಳಲ್ಲಿಯೂ ಏಕಾಭಿಪ್ರಾಯವಿರಲಿಲ್ಲ. ಸೊಮರ್‌ಫೆಲ್ಡ್ ಅವರ ಕಲ್ಪನೆಯಲ್ಲಿ ಕ್ಷ-ಕಿರಣವು ಎಲೆಕ್ಟ್ರಾನು ಗುರಿಗೆ ಬಡಿದು ಥಟ್ಟನೆ ನಿಂತಾಗ ಹೊಮ್ಮುವ ವಿದ್ಯುತ್ಕಾಂತೀಯ ಮಿಡಿತ. ನೀರಿನ ಅಲೆಗಳ ಸಾಲಿನಂತೆ ನಿಯತವಾಗಿ ಮರುಕಳಿಸುವ ಗುಣ ಆ ಮಿಡಿತಕ್ಕಿರಲಿಲ್ಲ. ಅದಕ್ಕೆ ಭಿನ್ನವಾಗಿ, ಕ್ಷ-ಕಿರಣ ತಾಗಿದ ಧಾತು ತಾನೇ ಹೊರಸೂಸುವ ಪ್ರತಿದೀಪ್ತ ವಿಕಿರಣವನ್ನು ಬಾರ್ಕ್ಲಾ ಗುರುತಿಸಿದ್ದರು. ಅದು ಆಯಾ ಧಾತುವಿಗೆ ವಿಶಿಷ್ಟವಾದುದು. ನಿಯತತೆಯನ್ನು ಅದರಲ್ಲಿ ನಿರೀಕ್ಷಿಸಬಹುದಾಗಿತ್ತು.

ಈ ಹಿನ್ನೆಲೆಯಲ್ಲಿ ಪ್ರಯೋಗಕ್ಕೆ ಆರಿಸಿಕೊಂಡ ಹರಳು ಗಮನಾರ್ಹವಾಗಿದೆ. ಅದು ತಾಮ್ರದ ಸಲ್ಫೇಟ್, ಅಂದರೆ ರೈತರೂ ಬಲ್ಲ ಮೈಲುತುತ್ತ. ಸ್ಫಟಿಕಗಳ ವರ್ಗೀಕರಣದಲ್ಲಿ ಅತಿ ಕಡಿಮೆ ಸಮಮಿತಿಯುಳ್ಳ ಗುಂಪಿಗೆ ಅದು ಸೇರುತ್ತದೆ. ಜಾಲಕದ ಕ್ರಮವನ್ನು ತೋರಿಸುವುದಷ್ಟೇ ಉದ್ದೇಶವಾಗಿದ್ದಲ್ಲಿ ಅಚ್ಚುಕಟ್ಟಾದ ಘನಾಕೃತಿಯ ಹರಳು ಹೆಚ್ಚು ಅನುಕೂಲವಾಗುತ್ತಿತ್ತು. ಮೈಲುತುತ್ತವನ್ನು ಆರಿಸಿದ್ದು ಅದರಲ್ಲಿರುವ ತಾಮ್ರಕ್ಕಾಗಿ. ತಾಮ್ರದ ಪರಮಾಣುಗಳಿಂದ ಹೊಮ್ಮುವ ಪ್ರತಿದೀಪ್ತ ವಿಕಿರಣವೇ ಜಾಲಕದಲ್ಲಿ ವ್ಯತಿಕರಣಗೊಂಡು ಚಿತ್ರವನ್ನು ಮೂಡಿಸುವುದೆಂಬ ನಿರೀಕ್ಷೆ ಅದರ ಹಿಂದಿತ್ತು. ಬೇರೆ ಬೇರೆ ಪರಮಾಣುಗಳು ತಮ್ಮ ತಮ್ಮ ಪಾಡಿಗೆ ಹೊರಸೂಸುವ ಪ್ರತಿದೀಪ್ತ ಕಿರಣಗಳ ನಡುವೆ ತಾಳಮೇಳವಿರುವುದಿಲ್ಲ. ಆದ್ದರಿಂದ ಅವು ಇಂತಹ ಚಿತ್ರವನ್ನು ಕೊಡಲಾರವು ಎಂಬುದು ಇಂದಿನ ತಿಳಿವು. ಅಂದರೆ ಪ್ರಯೋಗದ ಮೂಲ ತರ್ಕವೇ ತಪ್ಪಾಗಿತ್ತು.

1912ರ ಏಪ್ರಿಲ್‌ನಲ್ಲಿ ಪ್ರಯೋಗ ನಡೆಯಿತು. ಮೊದಲ ಯತ್ನ ಫಲಿಸಲಿಲ್ಲ. ಫಲಕವನ್ನು ಹರಳಿನ ಹಿಂಬದಿಗೆ ಇಟ್ಟಾಗ ಮುಖ್ಯ ಕಿರಣದ ಕಲೆಯ ಸುತ್ತ ಚುಕ್ಕೆಗಳು ಕಾಣಿಸಿಕೊಂಡವು. ಶೋಧದ ಹಕ್ಕನ್ನು ಕಾಪಾಡಿಕೊಳ್ಳುವ ಸಲುವಾಗಿ ಮೇ 4ರಂದು ಲಾವೆ, ಫ್ರೀಡ್ರಿಖ್, ಕ್ನಿಪಿಂಗ್ ಮೂವರೂ ಸಹಿ ಮಾಡಿದ ಮುದ್ರಿತ ಲಕೋಟೆಯೊಂದನ್ನು ಬವೇರಿಯಾದ ವಿಜ್ಞಾನ ಅಕಾಡೆಮಿಯಲ್ಲಿ ಇರಿಸಲಾಯಿತು. ಜೂನ್ 8ರಂದು ಸೊಮರ್‌ಫೆಲ್ಡ್ ಅವರೇ ಪ್ರಬಂಧವನ್ನು ಅಕಾಡೆಮಿಗೆ ಸಲ್ಲಿಸಿದರು. ಮೈಲುತುತ್ತದ ಮಸುಕು ಚುಕ್ಕೆಗಳ ಬದಲು ಜಿಂಕ್ ಬ್ಲೆಂಡ್ ಎಂಬ ಸತುವಿನ ಅದಿರಿನ ಹರಳಿನಿಂದ ಪಡೆದ, ರಂಗೋಲಿಯಂತೆ ನಾಲ್ಕು ದಿಕ್ಕಿಗೂ ಸಮನಾಗಿ ಹರಡಿದ ಚುಕ್ಕೆಗಳ ಚಿತ್ರವು ಎಲ್ಲರ ಗಮನವನ್ನು ಸೆಳೆಯಿತು.

4. ಸಿದ್ಧಾಂತಗಳ ಸಂಘರ್ಷ

ಚುಕ್ಕೆಗಳು ಕಂಡದ್ದು ನಿಜ. ಅವು ಏಕೆ ಕಂಡವು ಎಂಬುದು ಇನ್ನೊಂದು ಪ್ರಶ್ನೆ. ಈ ಪ್ರಶ್ನೆಗೆ 1912ರ ಉತ್ತರಾರ್ಧದಲ್ಲಿ ಮುಖ್ಯವಾಗಿ ಮೂರು ಉತ್ತರಗಳು ಮುಂದಿಡಲ್ಪಟ್ಟವು.

ಮೊದಲನೆಯದು ಲಾವೆಯವರದು. ಜಾಲಕದ ಮೂರು ದಿಕ್ಕುಗಳಲ್ಲಿಯೂ ಪಕ್ಕಪಕ್ಕದ ಪರಮಾಣುಗಳಿಂದ ಚದುರಿದ ತರಂಗಗಳು ಹೆಜ್ಜೆ ಕೂಡಿಸಿದಾಗ ಮಾತ್ರ ಚುಕ್ಕೆ ಮೂಡುತ್ತದೆ ಎಂದು ಅವರು ಮೂರು ಸಮೀಕರಣಗಳ ಮೂಲಕ ನಿರೂಪಿಸಿದರು. ಈ ಸಮೀಕರಣಗಳು ಸರಿಯಾದವು. ಇಂದಿಗೂ ಅವು ಪಠ್ಯಗಳಲ್ಲಿವೆ. ತೊಡಕಿದ್ದುದು ಅವುಗಳ ಭೌತಿಕ ಅನ್ವಯದಲ್ಲಿ. ಜಿಂಕ್ ಬ್ಲೆಂಡ್‌ನ ಚಿತ್ರವನ್ನು ವಿವರಿಸಲು ಲಾವೆ ವಿಕಿರಣದಲ್ಲಿ ಐದು ನಿರ್ದಿಷ್ಟ ತರಂಗದೂರಗಳು ಇವೆಯೆಂದು ಊಹಿಸಬೇಕಾಯಿತು. ಆ ಐದು ತರಂಗದೂರಗಳಿಂದ ಮೂಡಬೇಕಾಗಿದ್ದ ಮತ್ತೆ ಕೆಲವು ಚುಕ್ಕೆಗಳು ಫಲಕದಲ್ಲಿ ಕಾಣಲೇ ಇಲ್ಲ. ಜೊತೆಗೆ ಹರಳನ್ನು ತುಸು ಓರೆಯಾಗಿಸಿದರೆ, ನಿಗದಿತ ತರಂಗದೂರಗಳ ಲೆಕ್ಕದಂತೆ ಚುಕ್ಕೆಗಳು ಮಾಯವಾಗಬೇಕಿತ್ತು. ವಾಸ್ತವವಾಗಿ ಅವು ಮಾಯವಾಗದೆ ಜಾಗವನ್ನಷ್ಟೇ ಬದಲಿಸಿದವು.

ಎರಡನೆಯ ಉತ್ತರ ಹಿರಿಯ ಬ್ರಾಗ್ ಅವರದು. 1912ರ ಬೇಸಿಗೆ ರಜೆಯನ್ನು ಯಾರ್ಕ್‌ಶೈರ್‌ನ ಕಡಲ ತೀರದಲ್ಲಿ ಕಳೆಯುತ್ತಿದ್ದಾಗ ಮ್ಯೂನಿಕ್‌ನ ಸುದ್ದಿ ಅವರಿಗೆ ತಲಪಿತು. ಚುಕ್ಕೆಗಳು ತರಂಗವ್ಯತಿಕರಣದಿಂದ ಆದವೆಂದು ಒಪ್ಪಿದರೆ ಅವರು ಹಲವು ವರ್ಷ ಸಮರ್ಥಿಸಿಕೊಂಡು ಬಂದ ಕಣವಾದವು ಕುಸಿಯುತ್ತಿತ್ತು. ತೆಂಗಿನ ತೋಟದಲ್ಲಿ ಕೆಲವು ದಿಕ್ಕುಗಳಿಂದ ನೋಡಿದಾಗ ಮರಗಳ ಸಾಲುಗಳ ನಡುವೆ ನೇರವಾದ ಓಣಿಗಳು ಕಾಣುವಂತೆ, ಪರಮಾಣುಗಳ ಸಾಲುಗಳ ನಡುವೆಯೂ ಓಣಿಗಳಿದ್ದು, ಕ್ಷ-ಕಿರಣದ ಕಣಗಳು ಆ ಓಣಿಗಳಲ್ಲಿ ಹಾದು ಚುಕ್ಕೆಗಳನ್ನು ಮೂಡಿಸುತ್ತವೆ ಎಂಬ ವಿವರಣೆಯನ್ನು ಅವರು ಪರೀಕ್ಷಿಸಿದರು. 1912ರ ಅಕ್ಟೋಬರ್‌ನಲ್ಲಿ ನೇಚರ್ ಪತ್ರಿಕೆಯಲ್ಲಿ ಈ ದಿಕ್ಕಿನ ಪತ್ರವೊಂದು ಪ್ರಕಟವಾಯಿತು.

ಮೂರನೆಯ ಉತ್ತರ ಅವರ ಮಗನಿಂದಲೇ ಬಂದಿತು. ವಿಲಿಯಂ ಲಾರೆನ್ಸ್ ಬ್ರಾಗ್ ಆಗ ಕೇಂಬ್ರಿಜ್‌ನಲ್ಲಿ 22 ವರ್ಷದ ಸಂಶೋಧನ ವಿದ್ಯಾರ್ಥಿ. ಆರಂಭದಲ್ಲಿ ತಂದೆಯ ಪಕ್ಷವನ್ನೇ ಹಿಡಿದಿದ್ದ ಅವರು ಲಾವೆ ಚಿತ್ರಗಳನ್ನು ಸೂಕ್ಷ್ಮವಾಗಿ ನೋಡಿ ಎರಡು ಸಂಗತಿಗಳನ್ನು ಗುರುತಿಸಿದರು. ಫಲಕವನ್ನು ಹರಳಿನಿಂದ ದೂರ ಸರಿಸಿದಂತೆ ಚುಕ್ಕೆಗಳು ದುಂಡಗಿನ ಆಕಾರವನ್ನು ಬಿಟ್ಟು ಮೊಟ್ಟೆಯಾಕಾರಕ್ಕೆ ತಿರುಗುತ್ತಿದ್ದವು. ಸಮತಟ್ಟಾದ ಪದರಗಳಿಂದ ಕಿರಣವು ಪ್ರತಿಫಲಿಸಿದಲ್ಲಿ ಹೀಗಾಗುವುದು ಸಹಜ. ಬಂದು ಬೀಳುವ ವಿಕಿರಣದಲ್ಲಿ ಐದೇ ಅಲ್ಲ, ಎಲ್ಲ ತರಂಗದೂರಗಳೂ ಅಖಂಡವಾಗಿ ಇವೆಯೆಂದು ಒಪ್ಪಿದರೆ, ಪ್ರತಿಯೊಂದು ಪದರಸಾಲೂ ತನಗೆ ಹೊಂದುವ ತರಂಗದೂರವನ್ನು ಆರಿಸಿಕೊಂಡು ಪ್ರತಿಫಲಿಸುತ್ತದೆ. ಹರಳನ್ನು ಓರೆಯಾಗಿಸಿದರೂ ಚುಕ್ಕೆ ಅಳಿಯದೆ ಸರಿಯುವುದೇಕೆ ಎಂಬುದು ಇದರಿಂದ ತಿಳಿಯಾಯಿತು. ಜಿಂಕ್ ಬ್ಲೆಂಡ್‌ನ ಜಾಲಕದಲ್ಲಿ ಘನದ ಮೂಲೆಗಳಲ್ಲಿ ಮಾತ್ರವಲ್ಲದೆ ಮುಖಗಳ ನಡುವೆಯೂ ಬಿಂದುಗಳಿವೆ ಎಂದು ಪರಿಗಣಿಸಿದಾಗ ಚುಕ್ಕೆಗಳ ಲೆಕ್ಕವೂ ಸರಿಹೋಯಿತು.

ಈ ವಿವರಣೆಯನ್ನೊಳಗೊಂಡ ಪ್ರಬಂಧವನ್ನು 1912ರ ನವೆಂಬರ್ 11ರಂದು ಕೇಂಬ್ರಿಜ್ ಫಿಲಸಾಫಿಕಲ್ ಸೊಸೈಟಿಯಲ್ಲಿ ಓದಲಾಯಿತು. ಪದರಗಳ ನಡುವಿನ ಅಂತರ, ಕಿರಣವು ಪದರಕ್ಕೆ ತಾಗುವ ಕೋನ ಮತ್ತು ತರಂಗದೂರ ಇವುಗಳನ್ನು ಒಂದೇ ಸೂತ್ರದಲ್ಲಿ ಬೆಸೆಯುವ ಬ್ರಾಗ್ ನಿಯಮದ ಮೂಲ ಇದೇ. ಪದರಗಳಾಗಿ ಸುಲಭವಾಗಿ ಸೀಳುವ ಕಾಗೆಬಂಗಾರದ ತಗಡಿನಿಂದ ಕ್ಷ-ಕಿರಣವು ಕನ್ನಡಿಯಿಂದ ಬೆಳಕು ಮರಳುವಂತೆ ಪ್ರತಿಫಲಿಸುವುದನ್ನು ಅದೇ ವರ್ಷದ ಡಿಸೆಂಬರ್‌ನಲ್ಲಿ ಅವರು ಪ್ರಕಟಪಡಿಸಿದರು. ಓಣಿಗಳ ಸಿದ್ಧಾಂತಕ್ಕೆ ಇದು ಪೆಟ್ಟು ಕೊಟ್ಟಿತು. ಹಿರಿಯ ಬ್ರಾಗ್ ಸೋಲನ್ನು ಸ್ವೀಕರಿಸಿದ ರೀತಿಯೂ ವಿಶಿಷ್ಟ. ಎರಡು ಸಿದ್ಧಾಂತಗಳಲ್ಲಿ ಒಂದನ್ನು ಆರಿಸುವುದು ಈಗಿನ ಸಮಸ್ಯೆಯಲ್ಲ, ಎರಡರ ಸಾಮರ್ಥ್ಯವನ್ನೂ ಉಳ್ಳ ಒಂದು ಸಿದ್ಧಾಂತವನ್ನು ಕಾಣುವುದೇ ಸಮಸ್ಯೆ ಎಂಬ ಅಭಿಪ್ರಾಯವನ್ನು ಅವರು 1912ರ ನವೆಂಬರ್‌ನಲ್ಲಿಯೇ ವ್ಯಕ್ತಪಡಿಸಿದರು. 1913ರಲ್ಲಿ ತಂದೆ ನಿರ್ಮಿಸಿದ ರೋಹಿತಮಾಪಕ ಮತ್ತು ಮಗನ ನಿಯಮ ಎರಡೂ ಸೇರಿ ಅಡುಗೆ ಉಪ್ಪು, ವಜ್ರ ಮೊದಲಾದವುಗಳ ಒಳರಚನೆಯನ್ನು ತೆರೆದಿಟ್ಟವು. ರಷ್ಯಾದ ಗಿಯೋರ್ಗಿ ವುಲ್ಫ್ ಸ್ವತಂತ್ರವಾಗಿ ಇದೇ ನಿಯಮವನ್ನು ತಲಪಿದರು. ಜಪಾನಿನ ಟೊರಾಹಿಕೊ ಟೆರಾಡಾ ಕೂಡ 1913ರಲ್ಲಿ ಪ್ರತಿಫಲನದ ವಿವರಣೆಗೇ ಬಂದರು. ಲಾವೆಯವರಿಗೆ 1914ರ, ಬ್ರಾಗ್ ತಂದೆಮಕ್ಕಳಿಗೆ 1915ರ ನೊಬೆಲ್ ಪಾರಿತೋಷಕಗಳು ಸಂದವು. ಪ್ರಯೋಗವನ್ನು ಕೈಯಾರೆ ನಡೆಸಿದ ಫ್ರೀಡ್ರಿಖ್ ಮತ್ತು ಕ್ನಿಪಿಂಗ್ ಅವರ ಹೆಸರು ಪಾರಿತೋಷಕದಲ್ಲಿ ಸೇರಲಿಲ್ಲ. ಲಾವೆ ತಮಗೆ ಬಂದ ಹಣವನ್ನು ಅವರಿಬ್ಬರೊಡನೆ ಹಂಚಿಕೊಂಡರು.

ಒಟ್ಟಿನಲ್ಲಿ, ಮೂಲಕಥನವು ಒಂದು ಸಂಜೆಯ ಹೊಳಹೆಂದು ಹೇಳುವುದು ವಾಸ್ತವದಲ್ಲಿ ಹಲವು ತಿಂಗಳ ವಾಗ್ವಾದ. ತಪ್ಪು ನಿರೀಕ್ಷೆಯಿಂದ ಹೊರಟ ಪ್ರಯೋಗ, ಅರ್ಧ ಸರಿಯಾದ ವಿವರಣೆ, ವಿರುದ್ಧ ಪಕ್ಷದ ಪ್ರತಿರೋಧ, ಆ ಪಕ್ಷದೊಳಗಿನಿಂದಲೇ ಮೂಡಿದ ಪರಿಹಾರ ಇವು ಅದರ ಘಟ್ಟಗಳು. ಬ್ರಾಗ್ ಅವರ ಶೋಧಕ್ಕೂ ಒಂದು ಹೊಳಹಿನ ಕಥೆ ಉಂಟು. ಕೇಂಬ್ರಿಜ್‌ನ ಕಾಲೇಜುಗಳ ಹಿಂಬದಿಯ ನದಿದಂಡೆಯಲ್ಲಿ ನಡೆಯುತ್ತಿದ್ದಾಗ ಆ ವಿಚಾರ ಹೊಳೆಯಿತೆಂದು ಅವರು ಮುಂದೆ ನೆನಪಿಸಿಕೊಂಡರು. ಮ್ಯೂನಿಕ್‌ನ ಉದ್ಯಾನ ಮತ್ತು ಕೇಂಬ್ರಿಜ್‌ನ ನದಿದಂಡೆ ಎರಡರಲ್ಲಿಯೂ ನಡಿಗೆಯ ಆಶಯವು ಒಂದೇ ಸ್ಥಾನವನ್ನು ಪಡೆದಿರುವುದು ಜಾನಪದ ದೃಷ್ಟಿಯಿಂದ ಕುತೂಹಲಕರವಾಗಿದೆ.

5. ಫೋರ್ಮನ್ ಮತ್ತು ಎವಾಲ್ಡ್: ದಾಖಲೆಯೋ, ನೆನಪೋ?

ಈ ಮೂಲಕಥನವನ್ನು ಪುರಾಣವೆಂದು ಮೊದಲು ಬಹಿರಂಗವಾಗಿ ಕರೆದವರು ಅಮೆರಿಕದ ವಿಜ್ಞಾನ ಇತಿಹಾಸಕಾರ ಪಾಲ್ ಫೋರ್ಮನ್. 1969ರಲ್ಲಿ ನಿಖರ ವಿಜ್ಞಾನಗಳ ಇತಿಹಾಸಕ್ಕೆ ಮೀಸಲಾದ ವಿದ್ವತ್ ಪತ್ರಿಕೆಯೊಂದರಲ್ಲಿ ಅವರು ಪ್ರಕಟಿಸಿದ ದೀರ್ಘ ಪ್ರಬಂಧದ ಶೀರ್ಷಿಕೆಯಲ್ಲಿಯೇ ಪುರಾಣಗಳ ವಿಮರ್ಶೆ ಎಂಬ ಮಾತಿದೆ. ಸ್ಫಟಿಕ ಜಾಲಕದ ಕಲ್ಪನೆಯು ಮ್ಯೂನಿಕ್‌ನಲ್ಲಿ ಮಾತ್ರ ಜೀವಂತವಾಗಿತ್ತು ಎಂಬ ಹೇಳಿಕೆಯನ್ನು ಅವರು ನಿರಾಕರಿಸಿದರು. ಅದು ಆ ಕಾಲದ ಭೌತಶಾಸ್ತ್ರಜ್ಞರಲ್ಲಿ ವ್ಯಾಪಕವಾಗಿ ಅಂಗೀಕೃತವಾಗಿತ್ತು ಎಂಬುದಕ್ಕೆ ಮುದ್ರಿತ ಆಧಾರಗಳನ್ನು ಒದಗಿಸಿದರು. ಕ್ಷ-ಕಿರಣಗಳ ತರಂಗಸ್ವರೂಪವು ಮ್ಯೂನಿಕ್‌ನಲ್ಲಿ ನಿರ್ವಿವಾದವಾಗಿತ್ತು ಎಂಬ ಚಿತ್ರವನ್ನೂ, ಹಿರಿಯರ ಆಕ್ಷೇಪಣೆಯನ್ನು ಪರಮಾಣುಗಳ ಉಷ್ಣ ಕಂಪನವೊಂದಕ್ಕೇ ಗಂಟುಹಾಕುವ ವಾಡಿಕೆಯನ್ನೂ ಅವರು ಪ್ರಶ್ನಿಸಿದರು. ವಿಜ್ಞಾನಿ ಸಮುದಾಯವು ತನ್ನ ಹಿರಿಮೆಯನ್ನು ದೃಢಪಡಿಸಿಕೊಳ್ಳಲು ಇಂತಹ ಕಥೆಯನ್ನು ಉಳಿಸಿಕೊಂಡಿದೆ ಎಂಬುದು ಅವರ ನಿಲುವು.

ಅದೇ ಪತ್ರಿಕೆಯ ಅದೇ ಸಂಪುಟದಲ್ಲಿ ಎವಾಲ್ಡ್ ಪ್ರತ್ಯುತ್ತರ ಬರೆದರು. ಪುರಾಣಗಳೆಂಬ ಪುರಾಣ ಎಂಬರ್ಥದ ಶೀರ್ಷಿಕೆಯನ್ನು ಅದಕ್ಕೆ ಕೊಟ್ಟರು. ಆಗ ಅವರ ವಯಸ್ಸು 81. ಫೋರ್ಮನ್ ಹುಟ್ಟಿದ್ದು 1937ರಲ್ಲಿ. ಎವಾಲ್ಡ್ 1912ರ ಪ್ರಸಂಗದ ಪಾತ್ರಧಾರಿ. ಘಟನೆಯೊಳಗಿದ್ದವನ ಮಾತಿಗೆ, ಘಟನೆಯ ಕಾಲಕ್ಕೆ ಹುಟ್ಟಿಯೇ ಇರದವನ ದಾಖಲೆಗಳು ಪ್ರತಿಸಾಕ್ಷಿಯಾಗಿ ಬಂದು ನಿಂತಿದ್ದವು.

ಕ್ಷೇತ್ರಕಾರ್ಯವನ್ನು ಬಲ್ಲ ಜಾನಪದ ಸಂಶೋಧಕರಿಗೆ ಈ ಎದುರಾಬದುರು ಅಪರಿಚಿತವಲ್ಲ. ಶಾಸನವು ಒಂದನ್ನು ಹೇಳುತ್ತದೆ, ಊರಿನ ಹಿರಿಯರು ಇನ್ನೊಂದನ್ನು ಹೇಳುತ್ತಾರೆ. ಶಾಸನವಿದೆಯೆಂಬ ಒಂದೇ ಕಾರಣಕ್ಕೆ ಹಿರಿಯರ ಮಾತನ್ನು ಕೈಬಿಡುವುದೂ, ಹಿರಿಯರು ಹೇಳಿದರೆಂಬ ಕಾರಣಕ್ಕೆ ಶಾಸನವನ್ನು ಕಡೆಗಣಿಸುವುದೂ ಶಾಸ್ತ್ರಸಮ್ಮತವಲ್ಲ. ಜಾಲಕದ ಕಲ್ಪನೆಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಅದು 1912ಕ್ಕೆ ಮೊದಲೇ ಗ್ರಂಥಗಳಲ್ಲಿ ವ್ಯಾಪಕವಾಗಿತ್ತೆಂದು ಫೋರ್ಮನ್ ತೋರಿಸಿರುವುದು ಸರಿ. ಆದರೆ ಗ್ರಂಥದಲ್ಲಿ ಅಚ್ಚಾಗಿರುವುದು ಬೇರೆ, ಒಂದು ಊರಿನ ವಿದ್ವಾಂಸರ ದಿನನಿತ್ಯದ ಮಾತುಕತೆಯಲ್ಲಿ ಬಳಕೆಯಾಗುವುದು ಬೇರೆ. ಮ್ಯೂನಿಕ್‌ನ ಹೋಫ್‌ಗಾರ್ಟನ್ ಉದ್ಯಾನದ ಕಾಫಿಮನೆಯಲ್ಲಿ ಭೌತಶಾಸ್ತ್ರಜ್ಞರು ದಿನವೂ ಸೇರಿ ಹರಟುತ್ತಿದ್ದ ಮೇಜು ಯಾವ ಪ್ರಬಂಧದಲ್ಲಿಯೂ ದಾಖಲಾಗುವಂಥದಲ್ಲ; ಅದರ ಅರಿವು ಉಳಿದಿರುವುದು ನೆನಪುಗಳ ಮೂಲಕವೇ. ಈ ಅರ್ಥದಲ್ಲಿ ಎವಾಲ್ಡ್ ಅವರ ಸಾಕ್ಷ್ಯಕ್ಕೆ ತನ್ನದೇ ಆದ ಬೆಲೆಯಿದೆ.

ಪ್ರತಿದೀಪ್ತಿಯ ವಿಷಯದಲ್ಲಿ ತಕ್ಕಡಿಯು ದಾಖಲೆಯ ಕಡೆಗೇ ವಾಲುತ್ತದೆ. ಮೈಲುತುತ್ತದ ಆಯ್ಕೆ, 1912ರ ಪ್ರಬಂಧಗಳ ಒಕ್ಕಣೆ, ಐದು ತರಂಗದೂರಗಳ ಊಹೆ ಇವೆಲ್ಲವೂ ತಪ್ಪು ನಿರೀಕ್ಷೆಯೊಂದರ ಗುರುತುಗಳನ್ನು ಹೊತ್ತಿವೆ. ಮೌಖಿಕ ಪರಂಪರೆಯು ಈ ಗುರುತುಗಳನ್ನು ಕ್ರಮೇಣ ಅಳಿಸಿತು. ತರಂಗ ಮತ್ತು ಜಾಲಕಗಳ ಸುಂದರ ಸಂಗಮದ ಕಥೆಯಲ್ಲಿ ತಪ್ಪು ತರ್ಕಕ್ಕೆ ಸ್ಥಳವಿಲ್ಲದ್ದು ಇದಕ್ಕೆ ಕಾರಣ.

ಕಥೆಗೆ ಸಾಮಾಜಿಕ ಕಾರ್ಯವೂ ಇತ್ತು. ಎವಾಲ್ಡ್ 1937ರಲ್ಲಿ ನಾಜಿ ಜರ್ಮನಿಯನ್ನು ತೊರೆದು ಇಂಗ್ಲೆಂಡನ್ನು ಸೇರಿದವರು. ಎರಡನೆಯ ಮಹಾಯುದ್ಧದ ಬಳಿಕ ಸ್ಫಟಿಕಶಾಸ್ತ್ರದ ಅಂತಾರಾಷ್ಟ್ರೀಯ ಒಕ್ಕೂಟವನ್ನು ಕಟ್ಟಲು ಶ್ರಮಿಸಿ, 1948ರಲ್ಲಿ ಆರಂಭವಾದ ಅದರ ಪತ್ರಿಕೆಗೆ ಮೊದಲ ಸಂಪಾದಕರಾದವರು. ಯುದ್ಧದಲ್ಲಿ ಎದುರುಬದುರಾಗಿದ್ದ ದೇಶಗಳ ವಿಜ್ಞಾನಿಗಳು 1962ರಲ್ಲಿ ಮ್ಯೂನಿಕ್‌ನಲ್ಲಿ ಒಂದುಗೂಡಿದಾಗ, ಎಲ್ಲರೂ ತಮ್ಮದೆನ್ನಬಹುದಾದ ಒಂದು ಮೂಲದ ಅವಶ್ಯಕತೆ ಇತ್ತು. ಸ್ಮರಣ ಸಂಪುಟದ ಕಥನವು ಆ ಅವಶ್ಯಕತೆಯನ್ನು ಪೂರೈಸಿತು. ಮಲಿನೋವ್‌ಸ್ಕಿ ಹೇಳಿದ ಸನ್ನದಿನ ಕಾರ್ಯವೆಂದರೆ ಇದೇ. ಕಥೆಯು ಒಂದು ಒಳ್ಳೆಯ ಕೆಲಸಕ್ಕೆ ಒದಗಿತು ಎಂಬುದರಿಂದ ಅದು ಮರೆಸಿದ ಸಂಗತಿಗಳು ಮುಖ್ಯವಲ್ಲವೆಂದಾಗುವುದಿಲ್ಲ. ಅದು ಕೆಲವನ್ನು ಮರೆಸಿತೆಂಬುದರಿಂದ ಹೇಳಿದವರು ವಂಚಕರೆಂದೂ ಆಗುವುದಿಲ್ಲ.

6. ಬೆಂಗಳೂರಿನ ವಜ್ರ: ಕಥೆಯಾಗದೆ ಉಳಿದ ವಾಗ್ವಾದ

1912ರ ಕಥನದಲ್ಲಿ ಹಿರಿಯರ ಆಕ್ಷೇಪಣೆಯಾಗಿ ಬರುವ ಉಷ್ಣ ಕಂಪನದ ಪ್ರಶ್ನೆಗೆ 1913ರ ಬಳಿಕ ಪೀಟರ್ ಡಿಬೈ ಉತ್ತರ ಕೊಟ್ಟರು. ಉಷ್ಣದಿಂದ ಪರಮಾಣುಗಳು ಕಂಪಿಸಿದರೂ ಚುಕ್ಕೆಗಳು ಕದಡುವುದಿಲ್ಲ, ಅವುಗಳ ತೀಕ್ಷ್ಣತೆ ಮಾತ್ರ ತಗ್ಗುತ್ತದೆ ಎಂದು ಅವರು ತೋರಿಸಿದರು. ಚುಕ್ಕೆಗಳಿಂದ ಕಳೆದುಹೋದ ಕಿರಣಗಳು ಸುತ್ತಲೂ ಮಸುಕಾಗಿ ಹರಡುವ ಬಗೆಯನ್ನು ಸ್ವೀಡನ್ನಿನ ಫಾಕ್ಸೆನ್ ಮತ್ತು ವಾಲರ್ 1920ರ ದಶಕದಲ್ಲಿ ಲೆಕ್ಕಹಾಕಿದರು. ಈ ಹಳೆಯ ಪ್ರಶ್ನೆಯು ಹೊಸ ರೂಪದಲ್ಲಿ ಮರಳಿ ಬಂದದ್ದು ಬೆಂಗಳೂರಿನಲ್ಲಿ.

1933ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದ ಸಿ. ವಿ. ರಾಮನ್ ಅವರು ಪಿ. ನೀಲಕಂಠನ್ ಅವರೊಡನೆ 1940ರಲ್ಲಿ ವಜ್ರದ ಲಾವೆ ಚಿತ್ರಗಳಲ್ಲಿ ನಿಯಮಕ್ಕೆ ಹೊರತಾದ ಹೆಚ್ಚುವರಿ ಚುಕ್ಕೆಗಳನ್ನು ಅಭ್ಯಸಿಸಿದರು. ಕ್ಷ-ಕಿರಣವೇ ಜಾಲಕದ ಕಂಪನಗಳನ್ನು ಎಬ್ಬಿಸಿ, ತನ್ನ ಆವೃತ್ತಿಯನ್ನು ಬದಲಿಸಿಕೊಂಡು ಪ್ರತಿಫಲಿಸುತ್ತದೆ ಎಂಬುದು ಅವರ ಸಿದ್ಧಾಂತ. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿದ್ದ ಕ್ಯಾಥ್ಲೀನ್ ಲಾನ್ಸ್‌ಡೇಲ್, ಎಡಿನ್‌ಬರೋದಲ್ಲಿದ್ದ ಮ್ಯಾಕ್ಸ್ ಬಾರ್ನ್ ಮೊದಲಾದವರು ಹರಡಿಕೊಂಡ ಚುಕ್ಕೆಗಳಿಗೆ ಉಷ್ಣ ಕಂಪನವೇ ಕಾರಣವೆಂದು ವಾದಿಸಿದರು. ವಜ್ರದ ಕೆಲವು ತೀಕ್ಷ್ಣವಾದ ಹೆಚ್ಚುವರಿ ಗುರುತುಗಳು ಒಂದು ಜಾತಿಯ ವಜ್ರಗಳಲ್ಲಿ ಮಾತ್ರ ಕಾಣುತ್ತವೆ, ಇನ್ನೊಂದು ಜಾತಿಯಲ್ಲಿ ಕಾಣುವುದಿಲ್ಲ ಎಂಬುದನ್ನು ಲಾನ್ಸ್‌ಡೇಲ್ ತೋರಿಸಿದರು. ಹಾಗಿದ್ದಲ್ಲಿ ಅದು ವಜ್ರದ ಜಾಲಕಕ್ಕೆ ಸಹಜವಾದ ಗುಣವಾಗಲಾರದು. ಆ ಗುರುತುಗಳು ಹರಳಿನೊಳಗಿನ ತೆಳುಪದರದಂತಹ ದೋಷಗಳಿಗೆ ಸಂಬಂಧಿಸಿದವು ಎಂಬುದು ಮುಂದೆ ತಿಳಿದುಬಂದಿತು. 1950ರ ದಶಕದ ನ್ಯೂಟ್ರಾನ್ ಪ್ರಯೋಗಗಳು ಜಾಲಕ ಕಂಪನವನ್ನು ಕುರಿತ ಬಾರ್ನ್ ಪಕ್ಷದ ಸಿದ್ಧಾಂತವನ್ನು ದೃಢಪಡಿಸಿದವು. ರಾಮನ್ ತಮ್ಮ ನಿಲುವನ್ನು ಬಿಟ್ಟುಕೊಡಲಿಲ್ಲ.

ರಾಮನ್ ಅವರ ಬಗೆಗೆ ಪ್ರಚಲಿತವಾಗಿರುವ ಕಥೆ ಬೇರೆ. 1921ರಲ್ಲಿ ಹಡಗಿನಲ್ಲಿ ಹಿಂತಿರುಗುವಾಗ ಮೆಡಿಟರೇನಿಯನ್ ಕಡಲಿನ ನೀಲಿಯನ್ನು ಕಂಡು ಅವರು ಪ್ರಶ್ನೆ ಹಾಕಿಕೊಂಡರು, ಅದರ ಫಲವಾಗಿ 1928ರ ಶೋಧ ಆಯಿತು ಎಂಬುದು ಮಕ್ಕಳಿಗೂ ಗೊತ್ತು. ಬೆಂಗಳೂರಿನಲ್ಲಿಯೇ ನಡೆದ ವಜ್ರದ ವಾಗ್ವಾದವು ಅಂತಹ ಕಥೆಯ ರೂಪವನ್ನು ಪಡೆಯಲಿಲ್ಲ. ಹೊಳಹು ಮತ್ತು ವಿಜಯಗಳ ಹಂದರಕ್ಕೆ ಒಗ್ಗುವ ಪ್ರಸಂಗಗಳನ್ನು ಪರಂಪರೆ ಉಳಿಸಿಕೊಳ್ಳುತ್ತದೆ. ಒಗ್ಗದವು ಪತ್ರಿಕೆಗಳ ಹಳೆಯ ಸಂಪುಟಗಳಲ್ಲಿ ಉಳಿಯುತ್ತವೆ. ಆದರೆ ಉಷ್ಣ ಕಂಪನವನ್ನು ಕುರಿತ ಅಧ್ಯಯನವು ಆ ದಶಕದಲ್ಲಿ ಚುರುಕುಗೊಂಡುದಕ್ಕೆ ಬೆಂಗಳೂರಿನಿಂದ ಎದ್ದ ಆಕ್ಷೇಪಣೆಯೂ ಒಂದು ಪ್ರೇರಣೆಯಾಗಿತ್ತು ಎಂಬುದನ್ನು ಇತಿಹಾಸವು ಗಣನೆಗೆ ತೆಗೆದುಕೊಳ್ಳಬೇಕಾಗುತ್ತದೆ.

7. ಸಮಾರೋಪ

ವಿಶ್ವಸಂಸ್ಥೆಯು 2014ನ್ನು ಸ್ಫಟಿಕಶಾಸ್ತ್ರದ ಅಂತಾರಾಷ್ಟ್ರೀಯ ವರ್ಷವೆಂದು ಸಾರಿತು. ಅದಕ್ಕೆ ಎರಡು ವರ್ಷ ಮೊದಲು, ಶೋಧದ ಶತಮಾನದ ಸಂದರ್ಭದಲ್ಲಿ, ಜರ್ಮನಿಯ ಇತಿಹಾಸಕಾರ ಮೈಕೆಲ್ ಎಕರ್ಟ್ ಮುಂತಾದವರು 1912ರ ಪ್ರಸಂಗವನ್ನು ಮತ್ತೆ ಪರಿಶೀಲಿಸಿದರು. ವಿವಾದವು ಸ್ಮರಣೋತ್ಸವದ ಒಳಗೇ ಪ್ರವೇಶ ಪಡೆದದ್ದು ಒಂದು ಆರೋಗ್ಯಕರ ಬೆಳವಣಿಗೆ.

ಈ ಅಧ್ಯಯನದಿಂದ ಮೂರು ಸಂಗತಿಗಳು ಸ್ಪಷ್ಟವಾಗುತ್ತವೆ. ಒಂದು, ಕ್ಷ-ಕಿರಣ ವಿವರ್ತನೆಯ ಸರಿಯಾದ ತಿಳಿವಳಿಕೆಯು ಒಬ್ಬರ ಒಂದು ಹೊಳಹಿನಿಂದ ಬಂದುದಲ್ಲ. ಲಾವೆಯವರ ಸಮೀಕರಣ, ಫ್ರೀಡ್ರಿಖ್ ಮತ್ತು ಕ್ನಿಪಿಂಗ್ ಅವರ ಕೈಕೆಲಸ, ಹಿರಿಯ ಬ್ರಾಗ್ ಅವರ ಪ್ರತಿರೋಧ, ಕಿರಿಯ ಬ್ರಾಗ್ ಅವರ ಪರಿಹಾರ ಇವೆಲ್ಲವುಗಳ ಫಲ ಅದು. ಎರಡು, ಆ ಶೋಧದ ಮೂಲಕಥನವು ತನ್ನ ಸಮುದಾಯವನ್ನು ಒಂದುಗೂಡಿಸುವ ಕಾರ್ಯದಲ್ಲಿ ಯಶಸ್ವಿಯಾಯಿತಾದರೂ, ತಪ್ಪು ತರ್ಕವೂ ಫಲಕಾರಿಯಾಗಬಲ್ಲದು ಎಂಬ ಅಮೂಲ್ಯ ಪಾಠವನ್ನು ಬದಿಗೊತ್ತಿತು. ಮೂರು, ಪುರಾಣ ಎಂಬ ಪದವನ್ನು ವಿಜ್ಞಾನದ ಇತಿಹಾಸಕ್ಕೆ ಅನ್ವಯಿಸುವಾಗ ಅದನ್ನು ಮಿಥ್ಯೆಗೆ ಪರ್ಯಾಯವೆಂಬಂತೆ ಬಳಸುವುದು ತಕ್ಕುದಲ್ಲ.

ಕರ್ನಾಟಕದ ಪ್ರಯೋಗಾಲಯಗಳಲ್ಲಿ ಕೆಲಸ ಮಾಡಿದ ಹಿರಿಯ ವಿಜ್ಞಾನಿಗಳ ಹಾಗೂ ಸಹಾಯಕರ ನೆನಪುಗಳನ್ನು, ವಕ್ತೃವಿನ ಹೆಸರು, ಹೇಳಿದ ದಿನಾಂಕ, ಹೇಳಿದ ಸಂದರ್ಭಗಳೊಡನೆ ಸಂಗ್ರಹಿಸುವುದು ಜಾನಪದ ಶಾಸ್ತ್ರದ ವ್ಯಾಪ್ತಿಗೆ ಹೊರತಾದ ಕೆಲಸವೇನಲ್ಲ. ಹಾಗೆ ಸಂಗ್ರಹಿಸಿದ ಪಾಠಗಳನ್ನು ಪ್ರಕಟಿತ ಪ್ರಬಂಧಗಳ ಪಕ್ಕದಲ್ಲಿಟ್ಟು ಓದಿದಾಗ, ಗೆದ್ದ ಸಿದ್ಧಾಂತಗಳ ಜೊತೆಗೆ ಸೋತ ಸಿದ್ಧಾಂತಗಳ ಚರಿತ್ರೆಯೂ, ಫಲಕವನ್ನು ಹರಳಿನ ಹಿಂಬದಿಗೆ ಇಟ್ಟ ಕೈಗಳ ಚರಿತ್ರೆಯೂ ಬೆಳಕಿಗೆ ಬರಲು ಸಾಧ್ಯವಿದೆ.